ಕರಿಯ ಕೆರ, ಕರಿಯ ಮಸಿ



ನಾನು ವಿಜ್ಞಾನದ ಮಾಸ್ತರನಾದರೂ ಇತಿಹಾಸದ ಮಾಸ್ತರರು ರಜೆ ಹಾಕಿದ ದಿನ ಅವರ ತಾಸನ್ನೂ ತೆಗೆದುಕೊಳ್ಳುತ್ತಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆಗೆಲ್ಲ ರಾಮದುರ್ಗದ ಇತಿಹಾಸವೆಂದು ನಾನು ಹೇಳುತ್ತಿದ್ದುದು ಕೋಟೆಯ ಕಥೆ, ಭಾವೆ ಮನೆತನದ ಸಂಸ್ಥಾನದ ಕಥೆ, 1858ರಲ್ಲಿ ನರಗುಂದದ ಬಾಬಾಸಾಹೇಬರು ದಂಗೆಯೆದ್ದು ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನನ್ನು ಮುಗಿಸಿದ ಕಥೆ, 1939ರ ಏಪ್ರಿಲ್ ತಿಂಗಳ ಗಲಭೆಯ ಕಥೆ. ಇವೆಲ್ಲ ಹೇಳಲೇಬೇಕಾದವೇ. ಆದರೆ ಇದೇ ತಾಲೂಕಿನ ಪ್ರತಿ ಊರಿನಲ್ಲಿಯೂ, ಊರ ಹೊರಗಿನ ಕೇರಿಯಲ್ಲಿ, ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಅದರ ಕಥೆಯನ್ನು ನಾನು ಒಮ್ಮೆಯೂ ಹೇಳಲಿಲ್ಲ. ಹೇಳುವಷ್ಟು ನನಗೇ ಗೊತ್ತಿರಲಿಲ್ಲ ಎಂಬುದು ಮೊದಲಿನ ಮಾತು. ಗೊತ್ತಾದ ಮೇಲೂ ಹೇಳಲಿಲ್ಲ ಎಂಬುದು ಎರಡನೆಯದು.

ಈಗ ಬರೆಯಲು ಕಾರಣ ಒಂದು ದೂರವಾಣಿ ಕರೆ. 2025ರ ಜೂನ್ ತಿಂಗಳ ಕೊನೆಯಲ್ಲಿ, ಇಟಲಿಯ ಪ್ರಾಡಾ ಎಂಬ ಹೆಸರಾಂತ ಕಂಪನಿಯು ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದೇ ಪಾದರಕ್ಷೆಯನ್ನು ರೂಪದರ್ಶಿಗಳ ಕಾಲಿಗೆ ತೊಡಿಸಿ, ಅದು ಯಾವ ಸೀಮೆಯದೆಂದು ಹೇಳದೆ ಬಿಟ್ಟ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕರೆ ಮಾಡಿದ. ಸಮಗಾರರ ಮನೆಯ ಹುಡುಗ. ಈಗ ಅವನಿಗೂ ತಲೆ ನರೆತಿದೆ. ಹೆಸರು ಬರೆಯುವುದಿಲ್ಲ, ಅವನ ಜೊತೆ ಕಲಿತವರು ತಾವೇ ಊಹಿಸಿಯಾರು.

"ಸರ, ಎಲ್ಲಾ ಪೇಪರಿನ್ಯಾಗ ನಮ್ಮ ಕೆರದ ಫೋಟೋ ಬಂದೈತ್ರಿ. ಆಕಾರದ ಬಗ್ಗೆ ಬರದಾರ, ಹೊಲಿಗಿ ಬಗ್ಗೆ ಬರದಾರ. ತೊಗಲಿಗೆ ಬಣ್ಣ ಹೆಂಗ ಬರತೈತಿ ಅಂತ ಒಬ್ಬರೂ ಬರದಿಲ್ರಿ. ನಿಮಗ ಗೊತ್ತೈತಲ್ರಿ, ನೀವರೆ ಬರೀರಿ" ಎಂದ.

"ನಿಮಗ ಗೊತ್ತೈತಲ್ರಿ" ಎಂಬ ಮಾತನ್ನು ಅವನು ಸಹಜವಾಗಿಯೇ ಆಡಿದ. ನನಗದು ನಾಟಿತು. ಏಕೆ ನಾಟಿತೆಂದು ತಿಳಿಯಬೇಕಾದರೆ 1987ರ ಒಂದು ಬೆಳಗನ್ನು ಹೇಳಬೇಕು.

ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿರಲಿಲ್ಲ. ಶಿಸ್ತಿನ ಹುಚ್ಚು. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳ ಉಗುರು, ಕೈ ಪರೀಕ್ಷಿಸುವ ರೂಢಿಯಿಟ್ಟುಕೊಂಡಿದ್ದೆ. ಒಂಬತ್ತನೆಯ ಇಯತ್ತೆಯ ಈ ಹುಡುಗನ ಬೆರಳ ತುದಿಗಳು, ಉಗುರಿನ ಸಂದುಗಳು ನೀಲಿ ಬೆರೆತ ಕಪ್ಪಾಗಿದ್ದವು. "ತೊಳಕೊಂಡು ಬಾ" ಎಂದು ಹೊರಗೆ ಕಳಿಸಿದೆ. ಬಂದ, ಕೈ ಹಾಗೆಯೇ ಇತ್ತು. ಸಬಕಾರ ಕೊಟ್ಟು ಮತ್ತೆ ಕಳಿಸಿದೆ. ಬಂದ, ಹಾಗೆಯೇ. ಮೂರನೆಯ ಸಲ ಕಳಿಸುವಾಗ ಇಡೀ ತರಗತಿ ನಗುತ್ತಿತ್ತು, ನಾನು ನಗುವವರನ್ನು ತಡೆಯಲಿಲ್ಲ. ಆಗ ಅವನು ತಲೆಯೆತ್ತದೆ, "ಸರ, ಇದು ಸಬಕಾರಕ್ಕ ಹೋಗೂದಿಲ್ರಿ. ಕಬ್ಬಿಣದ ನೀರಿನ ಬಣ್ಣ ಐತ್ರಿ" ಎಂದ.

ರಸಾಯನಶಾಸ್ತ್ರ ಓದಿಕೊಂಡು ಬಂದ ಮಾಸ್ತರನಿಗೆ ಆ ಮಾತು ಅರ್ಥವಾಗಲಿಲ್ಲ. ಕಬ್ಬಿಣದ ತುಕ್ಕು ಕೆಂಪಗಿರುತ್ತದೆ, ಕಪ್ಪು ಹೇಗಾದೀತು, ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ನಾಲ್ಕು ದಿನ ನೋಡಿ ಐದನೆಯ ದಿನ, ರವಿವಾರ, ನಾನೇ ಸೈಕಲ್ ಹತ್ತಿ ಮಲಪ್ರಭೆಯ ದಂಡೆಯ ಅವನ ಊರಿಗೆ ಹೋದೆ. ಅಲ್ಲಿ ನಾನು ಕಂಡುದೇ ಈ ಲೇಖನದ ವಿಷಯ.

ಅವನ ತಂದೆ ಅಂಗಳದಲ್ಲಿ ಕುಳಿತು ಕೆರ ಹೊಲಿಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಿಂದೆದ್ದು ಒಂದು ಗೋಣಿತಾಟು ಹಾಸಿದರು. ಹುಡುಗನನ್ನು ಯಾಕೆ ಕಳಿಸುತ್ತಿಲ್ಲವೆಂದು ನಾನು ಕೇಳಿದ್ದಕ್ಕೆ ಅವರು ಸಿಟ್ಟಿನ ಮಾತೊಂದನ್ನೂ ಆಡಲಿಲ್ಲ. "ಮಾಸ್ತರ್ರ, ಅವನ ಕೈ ನಿಂಬಿಹಣ್ಣು ತಿಕ್ಕಿದ್ರ ಸ್ವಚ್ಛ ಆಗತಾವ್ರಿ. ಆದ್ರ ದಿನಾ ನಿಂಬಿಹಣ್ಣ ಎಲ್ಲಿಂದ ತರೂನ್ರಿ?" ಎಂದರು. ಸಬಕಾರಕ್ಕೆ ಹೋಗದ ಕಲೆ ಹುಳಿಗೆ ಹೋಗುತ್ತದೆಂಬುದು ಆ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಕಬ್ಬಿಣವು ಒಗರನ್ನು ಬಿಟ್ಟು ಹುಳಿಯ ಜೊತೆ ಸೇರಿ ಕರಗಿಹೋಗುತ್ತದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡುದು ಆಮೇಲೆ.

ಹಿತ್ತಿಲಲ್ಲಿ ಮೂರು ಗಳಗಳನ್ನು ಮೇಲೆ ಕೂಡಿಸಿ ಕಟ್ಟಿ, ಅದಕ್ಕೆ ಒಂದು ಇಡಿಯ ತೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿದ್ದರು. ಕೂದಲು ತೆಗೆಯಲು ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ, ಹೆರೆದು, ಚೆನ್ನಾಗಿ ತೊಳೆದು ಸುಣ್ಣ ಬಿಡಿಸುತ್ತಾರೆ. ಆಮೇಲೆ ಈ ಚೀಲ. ಅದರೊಳಗೆ ಕುಟ್ಟಿದ ಕರಿಜಾಲಿಯ ತೊಗಟೆ, ಒಡೆದ ಅಳಲೆಕಾಯಿ, ಮೇಲೆ ನೀರು. ಚೀಲದಿಂದ ಹನಿಹನಿಯಾಗಿ ಜಿನುಗಿದ ಕಂದು ರಸ ಕೆಳಗಿನ ಬಾನಿಯಲ್ಲಿ ಬೀಳುತ್ತದೆ. ಅದನ್ನೇ ತುಂಬಿ ತುಂಬಿ ಮತ್ತೆ ಮೇಲಿನಿಂದ ಸುರಿಯುತ್ತಾರೆ. ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ತುಂಬುತ್ತಾರೆ, ಬಾಯಿಯ ಕಡೆಯ ತೊಗಲೂ ಹದವಾಗಬೇಕಲ್ಲ! ಹಸಿ ತೊಗಲಿನಿಂದ ಹದಗೊಂಡ ತೊಗಲಾಗಲು ಎಲ್ಲ ಸೇರಿ ತಿಂಗಳ ಮೇಲೆ ಹಿಡಿಯುತ್ತಿತ್ತು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಬಲಿಯದ ಬಾಳೆಕಾಯಿ ಕಚ್ಚಿದಾಗ, ಅಳಲೆಕಾಯಿ ನೆಕ್ಕಿದಾಗ ನಾಲಿಗೆ ಬಿಗಿದಂತಾಗುತ್ತದೆ. ಅದೇ ಒಗರು. ಒಗರಿಗೆ ಕಾರಣವಾದ ವಸ್ತುವನ್ನು ಟ್ಯಾನಿನ್ ಎನ್ನುತ್ತಾರೆ. ನಾಲಿಗೆಯ ಮೇಲೆ ಅದು ಮಾಡುವ ಕೆಲಸವನ್ನೇ ತೊಗಲಿನ ನಾರುಗಳ ನಡುವೆಯೂ ಮಾಡುತ್ತದೆ: ಅವುಗಳಿಗೆ ಅಂಟಿ ಹಿಡಿದು ಕೊಳೆಯದಂತೆ ಮಾಡುತ್ತದೆ. ಜಾಲಿಯ ತೊಗಟೆಯಲ್ಲಿ ಒಗರು ಬಹಳ, ಅಳಲೆಕಾಯಿಯಲ್ಲಿ ಅದಕ್ಕಿಂತ ಹೆಚ್ಚು. ಹೀಗೆ ಹದಗೊಂಡ ತೊಗಲಿನ ತುಂಬ ಒಗರು ಕುಳಿತಿರುತ್ತದೆ. ಬಣ್ಣದ ಗುಟ್ಟು ಇರುವುದೂ ಅಲ್ಲಿಯೇ.

ಇನ್ನು ಆ ಗಡಿಗೆ. ಹಿತ್ತಿಲ ಮೂಲೆಯಲ್ಲಿ ಹರಕು ಅರಿವೆಯಿಂದ ಬಾಯಿ ಮುಚ್ಚಿದ ಹಳೆಯ ಮಣ್ಣಿನ ಗಡಿಗೆ. ಒಳಗೆ ಸವೆದ ಎತ್ತಿನ ನಾಲು, ಮುರಿದ ಮೊಳೆ, ಕಮ್ಮಾರನ ಸಾಲೆಯಿಂದ ಆಯ್ದು ತಂದ ಕಬ್ಬಿಣದ ಚೂರು. ಅವು ಮುಳುಗುವಷ್ಟು ಬೆಲ್ಲದ ನೀರು. ಹದಿನೈದು ದಿನ, ಮೂರು ವಾರ ಬಿಟ್ಟರೆ ಬೆಲ್ಲ ಹುಳಿಯುತ್ತದೆ, ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಅರಿವೆ ಸರಿಸಿದಾಗ ಬಂದ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಆದರೆ ನೀರು ಕಪ್ಪಗಿರಲಿಲ್ಲ! ಬೂದಿ ಮಿಶ್ರಿತ ತಿಳಿಕಂದು. ನನ್ನ ಮುಖದ ಮೇಲಿನ ಅವಿಶ್ವಾಸವನ್ನು ಆ ಹಿರಿಯರು ಕಂಡರೆಂದು ತೋರುತ್ತದೆ. ಹದಗೊಂಡ ತೊಗಲಿನ ಒಂದು ತುಂಡು ತಂದರು, ಅರಿವೆಯ ಚೂರನ್ನು ಆ ನೀರಿನಲ್ಲಿ ಅದ್ದಿ ಜೇನಿನ ಬಣ್ಣದ ಆ ತುಂಡಿನ ಮೇಲೆ ಒಮ್ಮೆ ಎಳೆದರು. ಎಳೆದಲ್ಲಿ ಬೂದು ಗೆರೆ ಮೂಡಿತು. "ತಡೀರಿ, ಗಾಳಿ ಕುಡೀಲಿ" ಎಂದರು. ನಾವು ನೋಡುತ್ತಿದ್ದಂತೆಯೇ ಬೂದು ನೀಲಿಯಾಗಿ, ನೀಲಿ ಕಪ್ಪಾಗಿ ಗಟ್ಟಿಯಾಯಿತು.

"ಗಾಳಿ ಕುಡೀಲಿ" ಎಂಬ ಮಾತಿನಲ್ಲಿ ಒಂದು ಇಡೀ ಪಾಠವಿದೆ. ಗಡಿಗೆಯಲ್ಲಿ ಕರಗಿದ ಕಬ್ಬಿಣ ಒಗರಿನೊಡನೆ ಕೂಡಿದ ಕ್ಷಣಕ್ಕೆ ಪೂರ್ಣ ಕಪ್ಪಾಗುವುದಿಲ್ಲ; ಗಾಳಿಯ ಆಮ್ಲಜನಕ ತಾಗಿ ಕಬ್ಬಿಣದ ಸ್ಥಿತಿ ಬದಲಾದ ಮೇಲೆ ಅದು ಒಗರನ್ನು ಬಿಗಿಯಾಗಿ ಹಿಡಿದು, ನೀರಿನಲ್ಲಿ ಕರಗದ ಕರಿಯ ಸಂಯುಕ್ತವಾಗುತ್ತದೆ. ಆ ಕಪ್ಪು ತೊಗಲಿನ ಮೇಲೆ ಬಳಿದ ಲೇಪವಲ್ಲ, ತೊಗಲಿನೊಳಗೇ ಹುಟ್ಟಿದ ಬಣ್ಣ. ಮಳೆಯಲ್ಲಿ ತೊಯ್ದರೂ ಅದು ಬಿಡುವುದಿಲ್ಲ.

ಹೀಗೆ ಬಣ್ಣವನ್ನೂ ವಸ್ತುವನ್ನೂ ಬೆಸೆಯುವ ಲವಣಕ್ಕೆ ಕನ್ನಡದಲ್ಲಿ ವರ್ಣಬಂಧಕ ಎನ್ನುತ್ತೇವೆ. ಇಂಗ್ಲಿಷಿನ ಮಾರ್ಡಂಟ್ ಎಂಬ ಪದ 'ಕಚ್ಚು' ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದುದು. ಪಟಿಕ, ಅನ್ನಭೇದಿ, ಮೈಲುತುತ್ತ ಇವೆಲ್ಲ ಆ ಜಾತಿಯವು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪ್ಲಿನಿ ಎಂಬ ಪಂಡಿತ ಈಜಿಪ್ತಿನ ಬಣ್ಣಗಾರರನ್ನು ಕುರಿತು ಬರೆಯುತ್ತ, ಬಟ್ಟೆಗೆ ಮೊದಲೇ ಬಣ್ಣವಿಲ್ಲದ ಬೇರೆಬೇರೆ ಔಷಧಗಳನ್ನು ಹಚ್ಚಿ ಒಂದೇ ಹಂಡೆಯಲ್ಲಿ ಅದ್ದಿದರೆ ಹಲವು ಬಣ್ಣಗಳು ಹೊರಬರುತ್ತವೆಂದು ಬೆರಗುಪಟ್ಟಿದ್ದಾನೆ. ಅದೇ ಪ್ಲಿನಿ ಇನ್ನೊಂದು ಕಡೆ, ಮಾಚಿಕಾಯಿಯಂಥ ಒಗರಿನ ರಸದಲ್ಲಿ ನೆನೆಸಿದ ಹಾಳೆಯಿಂದ ಕಬ್ಬಿಣದ ಕಲಬೆರಕೆಯನ್ನು ಕಂಡುಹಿಡಿಯುವ ಉಪಾಯ ಹೇಳುತ್ತಾನೆ: ಹಾಳೆ ಕಪ್ಪಾದರೆ ಕಬ್ಬಿಣವಿದೆ. ರಸಾಯನಶಾಸ್ತ್ರದ ಅತಿ ಹಳೆಯ ಪರೀಕ್ಷೆಗಳಲ್ಲಿ ಅದೂ ಒಂದೆನ್ನುತ್ತಾರೆ. ನನ್ನ ವಿದ್ಯಾರ್ಥಿಯ ಬೆರಳುಗಳು ಅದೇ ಪರೀಕ್ಷೆಯ ಹಾಳೆಗಳಾಗಿದ್ದವು. ಓದಲು ಬಾರದವನು ನಾನು.

ನಮ್ಮ ರಾಮದುರ್ಗ ನೇಕಾರರ ಊರು. ಬಟ್ಟೆಗೆ ಬಣ್ಣ ಹಾಕುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಸುರಂಜಿ ಬೇರಿನ ಕೆಂಪನ್ನು ನೂಲಿಗೆ ಹಿಡಿಸಲು ಪಟಿಕ ಬೇಕೆಂಬುದು ಹಿಂದಿನ ಬಣ್ಣಗಾರರಿಗೆ ತಿಳಿದಿತ್ತು. ಆದರೆ ನೂಲಿಗೂ ತೊಗಲಿಗೂ ಒಂದು ದೊಡ್ಡ ಅಂತರವಿದೆ. ನೂಲನ್ನು ಕುದಿಸಬಹುದು, ತೊಗಲನ್ನು ಕುದಿಸಿದರೆ ಅದು ಮುದುಡಿ ಹೋಗುತ್ತದೆ. ಹಸಿ ತೊಗಲು 60 ಡಿಗ್ರಿ ಸೆಲ್ಸಿಯಸ್ ಆಚೀಚೆಗೇ ಕುಗ್ಗುತ್ತದೆ, ತೊಗಟೆಯಿಂದ ಹದಗೊಂಡದ್ದು 70ರಿಂದ 85ರವರೆಗೆ ತಡೆದೀತು. ಆದುದರಿಂದ ತೊಗಲಿನ ಬಣ್ಣಗಾರ ಕೆಲಸವನ್ನೆಲ್ಲ ತಣ್ಣೀರಿನಲ್ಲಿ, ಹೆಚ್ಚೆಂದರೆ ಉಗುರುಬೆಚ್ಚಗಿನ ನೀರಿನಲ್ಲಿ ಮಾಡಬೇಕು. ಬೆಂಕಿಯ ನೆರವಿಲ್ಲದೆ ಬಣ್ಣ ಹಿಡಿಸುವ ಈ ಕಷ್ಟವನ್ನು ಗಮನಿಸಿದರೆ ಅವರ ಜಾಣತನ ತಿಳಿಯುತ್ತದೆ. ಅವರ ಪಾಲಿಗಿದ್ದ ಅನುಕೂಲವೂ ಒಂದಿತ್ತು: ನೂಲಿಗೆ ಒಗರನ್ನು ಹೊರಗಿನಿಂದ ಊಡಿಸಬೇಕು, ಹದಗೊಂಡ ತೊಗಲಿನಲ್ಲಿ ಅದು ಮೊದಲೇ ಇದೆ.

ಆ ದಿನ ನಾನು ಕೇಳಿದ ಪ್ರಶ್ನೆಗಳಿಗೆ ಅವನ ತಂದೆ ಕೊಟ್ಟ ಉತ್ತರಗಳನ್ನು ಮನೆಗೆ ಬಂದು ಬರೆದಿಟ್ಟುಕೊಂಡಿದ್ದೆ. ಅಳಲೆಕಾಯಿ ಏಕೆ ಬೇಕು, ಜಾಲಿಯೊಂದೇ ಸಾಲದೇ ಎಂದು ಕೇಳಿದ್ದೆ. "ಬರೇ ಜಾಲಿ ಆದ್ರ ಕರಿ ಬಣ್ಣ ಹಸರ ಹೊಡೀತೈತ್ರಿ. ಅಳಲಿಕಾಯಿ ಬಿದ್ರ ನೀಲಿ ಹೊಡೀತೈತಿ. ಮಂದಿ ನೀಲಿಗರೀನ ಬೇಡತಾರ" ಎಂದರು. ಮುಂದೆ ಪುಸ್ತಕ ತೆಗೆದು ನೋಡಿದರೆ, ಟ್ಯಾನಿನ್‌ಗಳಲ್ಲಿ ಎರಡು ಕುಲ. ಜಾಲಿಯದು ಒಂದು, ಅಳಲೆಯದು ಇನ್ನೊಂದು. ಕಬ್ಬಿಣದೊಡನೆ ಮೊದಲನೆಯದು ಹಸಿರುಗಪ್ಪು, ಎರಡನೆಯದು ನೀಲಿಗಪ್ಪು ಕೊಡುತ್ತದೆಂದು ಬರೆದಿತ್ತು. ಪ್ರಯೋಗಶಾಲೆಯಲ್ಲಿ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಇದೇ ಕಬ್ಬಿಣದ ಪರೀಕ್ಷೆಯಿಂದ! ಪುಸ್ತಕದ ಮಾತು ಆ ಹಿತ್ತಿಲಿನ ಮಾತಿಗಿಂತ ಒಂದಕ್ಷರವೂ ಹೆಚ್ಚಿರಲಿಲ್ಲ.

ಕೆಂಪು ಛಾಯೆ ಬೇಕಾದರೆ? ಸುಣ್ಣದ ತಿಳಿನೀರನ್ನು ತೆಳ್ಳಗೆ ಸವರಿದರೆ ಜೇನಿನ ಬಣ್ಣ ಕೆಂಗಂದಿಗೆ ತಿರುಗುತ್ತದೆ. ಎಲೆ ಅಡಿಕೆ ಹಾಕುವ ನಮ್ಮ ಹಿರಿಯರ ಬಾಯಿ ಕೆಂಪಾಗುವುದೂ ಹೀಗೆಯೇ, ಅಡಿಕೆಯ ಒಗರಿಗೆ ಸುಣ್ಣ ಸೇರಿ. ಪಟಿಕ ಹಚ್ಚಿದರೆ ಬಣ್ಣ ಹಳದಿಯತ್ತ ತಿಳಿಯಾಗುತ್ತದೆ. ಮೇಕೆಯ ನಯವಾದ ತೊಗಲಿಗೆ ಅಚ್ಚಗೆಂಪು ಕೊಡಲು ದೇಶದ ಹಲವೆಡೆ ಅರಗಿನ ರಂಗು ಬಳಸುತ್ತಿದ್ದರು. ಅದಕ್ಕೆ ಬಂಧಕವಾಗಿ ಪಟಿಕವನ್ನೋ ಲೋಧ್ರದ ತೊಗಟೆಯನ್ನೋ ಹಾಕುತ್ತಿದ್ದರು. ಲೋಧ್ರ ಮರ ಮಣ್ಣಿನಿಂದ ಅಲ್ಯುಮಿನಿಯಂ ಅಂಶವನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ, ಅದೊಂದು ಗಿಡದ ರೂಪದ ಪಟಿಕವೇ ಸರಿ. ನಮ್ಮ ಕಡೆಯ ಒರಟು ಕೆರಕ್ಕೆ ಅಂಥ ಬೆಡಗು ಬೇಕಿರಲಿಲ್ಲ. ಜೇನು, ಕೆಂಗಂದು, ಕಪ್ಪು, ಇಷ್ಟೇ ಇಲ್ಲಿಯ ಬಣ್ಣಗಳು.

ಅಂಗಡಿಯಲ್ಲಿ ಅನ್ನಭೇದಿ ಸಿಗುವಾಗ ಮೂರು ವಾರ ಗಡಿಗೆ ಕಾಯುವುದೇಕೆ ಎಂದೂ ಕೇಳಿದೆ. ಅನ್ನಭೇದಿಯೂ ಕಬ್ಬಿಣದ ಲವಣವೇ. ಅವರು ನಕ್ಕರು. "ಅನ್ನಭೇದಿ ಬ್ಯಾಗ ಕರಿ ಮಾಡತೈತ್ರಿ, ಬ್ಯಾಗನ ತೊಗಲೂ ತಿಂತೈತಿ." ಎರಡು ವರ್ಷದಲ್ಲಿ ಬಿರುಕು ಬಿಟ್ಟು ಪುಡಿಯಾಗುತ್ತದಂತೆ. ಬೆಲ್ಲದ ನೀರನ್ನಾದರೂ ದಪ್ಪಗೆ ಬಳಿಯಬಾರದು. ತೆಳ್ಳಗೆ ಒಮ್ಮೆ, ಆರಿದ ಮೇಲೆ ಇನ್ನೊಮ್ಮೆ, ಆಮೇಲೆ ತೊಳೆದು ಎಣ್ಣೆ ತಿಕ್ಕಬೇಕು.

ಈ ಮಾತು ಕೇಳಿದಾಗ ನನಗೆ ನಮ್ಮಜ್ಜನ ಕೀರ್ದಿ ಪುಸ್ತಕಗಳು ನೆನಪಾದವು. ಅಜ್ಜ ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಮಸಿಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು: ಅಳಲೆಕಾಯಿ ಜಜ್ಜಿ ನೆನೆಹಾಕಿದ ಕಷಾಯ, ಅದಕ್ಕೆ ಅನ್ನಭೇದಿ, ಸ್ವಲ್ಪ ಜಾಲಿಯ ಅಂಟು. ಬರೆದಾಗ ತೆಳುವಾಗಿ ಕಾಣುತ್ತಿದ್ದ ಅಕ್ಷರ ಮರುದಿನ ಅಚ್ಚಗಪ್ಪು. ಆ ಪುಸ್ತಕಗಳು ನಮ್ಮ ಅಟ್ಟದ ಮೇಲಿದ್ದವು. ಮಸಿ ದಟ್ಟವಾಗಿ ಬಿದ್ದಲ್ಲೆಲ್ಲ ಕಾಗದ ತೂತುಬಿದ್ದಿತ್ತು. ಹುಳ ತಿಂದಿದೆ ಎಂದು ನಾವು ತಿಳಿದಿದ್ದೆವು. ಹುಳವಲ್ಲ, ಅನ್ನಭೇದಿ! ಯುರೋಪಿನ ಗ್ರಂಥಾಲಯಗಳಲ್ಲಿ ಶತಮಾನಗಳ ಹಸ್ತಪ್ರತಿಗಳು ಇದೇ ರೋಗದಿಂದ ನರಳುತ್ತಿವೆ. ಅಳಲೆ, ಕಬ್ಬಿಣ, ಗಾಳಿ: ಅಜ್ಜನ ಮಸಿಕುಡಿಕೆಯಲ್ಲಿದ್ದುದೂ ಕೇರಿಯ ಗಡಿಗೆಯಲ್ಲಿದ್ದುದೂ ಒಂದೇ ವಿದ್ಯೆ. ನಮ್ಮಜ್ಜನ ಬೆರಳುಗಳೂ ಸದಾ ಕಪ್ಪಾಗಿರುತ್ತಿದ್ದವು. ಆ ಕಪ್ಪನ್ನು ಕಂಡವರು "ಬರವಣಿಗೆಯವರ ಕೈ" ಎಂದು ಗೌರವದಿಂದ ಮಾತಾಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ.

ಮಾತು ಮುಗಿದು ಏಳುವ ಹೊತ್ತಿಗೆ ಒಳಗಿನಿಂದ ಚಹಾ ಬಂದಿತು. ಕೊಡಬೇಕೋ ಬೇಡವೋ ಎಂದು ಆ ತಾಯಿ ಬಾಗಿಲಲ್ಲೇ ನಿಂತಿದ್ದರು. ನನ್ನ ಕೈಯೂ ಒಂದು ಕ್ಷಣ ತಡೆಯಿತು. ಅದನ್ನು ಹುಡುಗ ನೋಡಿದ. ಚಹಾ ಕುಡಿದೆ. ಸೋಮವಾರ ಅವನು ಶಾಲೆಗೆ ಬಂದ. ತರಗತಿಯೆದುರು ಅವನಲ್ಲಿ ತಪ್ಪೊಪ್ಪಿಕೊಳ್ಳಬೇಕೆಂದು ದಾರಿಯಲ್ಲಿ ಅಂದುಕೊಂಡವನು ಅಂದು ಒಪ್ಪಿಕೊಳ್ಳಲಿಲ್ಲ, ಕೈ ಪರೀಕ್ಷೆಯನ್ನು ನಿಲ್ಲಿಸಿದೆ, ಅಷ್ಟೆ. ಈಗ ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಈ ವಿದ್ಯೆಯ ವಯಸ್ಸೆಷ್ಟು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಇದ್ದರು. ಡೋಹರರೆಂದರೆ ತೊಗಲು ಹದ ಮಾಡುವವರು. ಕಕ್ಕಯ್ಯನವರು ಐಕ್ಯರಾದ ಸ್ಥಳವೆಂದು ನಂಬಲಾದ ಕಕ್ಕೇರಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿದೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆ ನಮಗೆಲ್ಲ ಬಾಯಿಪಾಠ. ಕೀರ್ತನೆಗಳಲ್ಲಿ, ನಾಟಕಗಳಲ್ಲಿ ಆ ಪ್ರಸಂಗಕ್ಕೆ ಕಣ್ಣೀರಿಟ್ಟಿದ್ದೇವೆ. ಹರಳಯ್ಯ ದಿನನಿತ್ಯದ ಕೆರಕ್ಕೆ ತೊಗಲನ್ನು ಹೇಗೆ ಹದಮಾಡುತ್ತಿದ್ದನೆಂದು, ಯಾವ ತೊಗಟೆ ತರುತ್ತಿದ್ದನೆಂದು ನಾವಾರೂ ಕೇಳಲಿಲ್ಲ. ಭಕ್ತಿಗೆ ಜಾಗ ಸಿಕ್ಕಿತು, ಕಸುಬಿಗೆ ಸಿಗಲಿಲ್ಲ.

ಕೆರವೊಂದೇ ಅಲ್ಲ. ನನ್ನ ಬಾಲ್ಯದಲ್ಲಿ ಬಾವಿಯಿಂದ ನೀರೆತ್ತುವ ಕಪಲಿ ತೊಗಲಿನದು, ಮಿಣಿ ತೊಗಲಿನದು, ಬಾರಕೋಲಿನ ತುದಿ ತೊಗಲಿನದು, ಜಾತ್ರೆಯ ಹಲಗೆ ತೊಗಲಿನದು. ಒಕ್ಕಲುತನವೇ ಆ ಕೇರಿಯ ಕೈಗಳ ಮೇಲೆ ನಿಂತಿತ್ತು. ಇದಕ್ಕೆ ಬೇಕಾದ ಕರಿಜಾಲಿ ನಮ್ಮ ಎರೆಹೊಲದ ಬದುಗಳಲ್ಲಿಯೇ ಬೆಳೆಯುತ್ತಿತ್ತು; ಅಳಲೆ ಪಶ್ಚಿಮದ ಸಹ್ಯಾದ್ರಿಯ ಕಾಡಿನಿಂದ ಬರುತ್ತಿತ್ತು. ಬೆಳಗಾವಿಯಿಂದ ಘಟ್ಟ ಇಳಿದರೆ ವೆಂಗುರ್ಲಾ ಬಂದರು. ಬ್ರಿಟಿಷರ ಕಾಲದಲ್ಲಿ ಅಳಲೆಕಾಯಿ ಹಡಗುಗಟ್ಟಲೆ ವಿಲಾಯತಿಗೆ ಹೋಗುತ್ತಿತ್ತು, ಅಲ್ಲಿಯ ಪೇಟೆಯಲ್ಲಿ ಜಬಲ್ಪುರ, ಭೀಮಲಿ, ರಾಜಪುರ ಎಂಬಂತೆ ವೆಂಗುರ್ಲಾ ಎಂಬುದೂ ಒಂದು ತರಗತಿಯ ಹೆಸರಾಗಿತ್ತು.

ಕೊಲ್ಹಾಪುರಕ್ಕೂ ನಮಗೂ ಇದ್ದ ನಂಟು ಹೊಸದಲ್ಲ. ನಮ್ಮ ತಾಲೂಕಿನ ತೊರಗಲ್ಲು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಜಹಗೀರಾಗಿತ್ತು. 1948ರಲ್ಲಿ ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗಡಿಗಳು ಹೀಗೆ ಅತ್ತಿತ್ತ ಸರಿದಾಡಿದರೂ ಅಥಣಿ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಕೇರಿಗಳಲ್ಲಿ ಹೊಲಿದ ಜೋಡುಗಳು ಕೊಲ್ಹಾಪುರದ ಪೇಟೆಗೆ ಹೋಗಿ, ಕೊಲ್ಹಾಪುರಿ ಎಂಬ ಹೆಸರು ಹೊತ್ತು ದೇಶ ತಿರುಗುತ್ತಲೇ ಇದ್ದವು.

ಹಾಗಾದರೆ ಗಡಿಗೆ ಮಾಯವಾದದ್ದು ಏಕೆ? ಜನ ಬಿಟ್ಟರು, ಕಾಲ ಬದಲಾಯಿತು ಎನ್ನುವುದು ಸುಲಭದ ಉತ್ತರ. ನಿಜವಾದ ಕಾರಣ ರಸಾಯನದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕ್ರೋಮಿಯಂ ಲವಣದಿಂದ ತೊಗಲು ಹದಮಾಡುವ ವಿಧಾನ ಬಂದಿತು. 1884ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಸರಕಾರದ ಪರವಾಗಿ ಅದನ್ನು ಪ್ರಯೋಗಿಸಿದರು. ಬಾವಿಯ ಕಪಲಿಗೆ ನೀರಿನಲ್ಲಿ ಬಾಳಿಕೆ ಬರುವ ತೊಗಲು ಬೇಕೆಂಬುದೂ ಅವರ ಉದ್ದೇಶಗಳಲ್ಲೊಂದು. ತಿಂಗಳ ಕೆಲಸ ಒಂದೆರಡು ದಿನಕ್ಕಿಳಿಯಿತು. ಕ್ರೋಮ್ ತೊಗಲು ಕುದಿನೀರನ್ನೂ ತಡೆಯಿತು. ಆದರೆ ಅದರೊಳಗೆ ಒಗರಿಲ್ಲ. ಒಗರಿಲ್ಲದ ತೊಗಲಿಗೆ ಗಡಿಗೆಯ ನೀರು ಹಚ್ಚಿದರೆ ಕಪ್ಪು ಬರುವುದಿಲ್ಲ, ತುಕ್ಕಿನ ಕಲೆಯಷ್ಟೇ ಉಳಿಯುತ್ತದೆ. 1856ರಲ್ಲಿ ಪರ್ಕಿನ್ ಎಂಬ ತರುಣ ಆಕಸ್ಮಿಕವಾಗಿ ಕಂಡುಹಿಡಿದ ಕೃತಕ ಬಣ್ಣದ ಸಂತತಿ ಅಷ್ಟರಲ್ಲಿ ಡಬ್ಬಿಗಳಲ್ಲಿ ಪೇಟೆಗೆ ಬಂದಿತ್ತು. ಕ್ರೋಮ್ ತೊಗಲು, ಡಬ್ಬಿ ಬಣ್ಣ, ಎರಡೂ ಕೊಳ್ಳುವಂಥವು. ಗಡಿಗೆಯದು ಮಾಡಿಕೊಳ್ಳುವಂಥದು. ತೊಗಲು ಬದಲಾದ ಮೇಲೆ ಬಣ್ಣದ ವಿದ್ಯೆಗೆ ನಿಲ್ಲಲು ನೆಲವೇ ಇಲ್ಲವಾಯಿತು. ಕಪಲಿಯ ಜಾಗಕ್ಕೆ ಪಂಪು ಬಂದ ಮೇಲೆ ಕೇರಿಗೆ ವರ್ಷವಿಡೀ ಸಿಗುತ್ತಿದ್ದ ಕೆಲಸವೂ ನಿಂತಿತು.

ಇದರ ಬಗ್ಗೆ ಯೋಚಿಸಿದವರು ಇರಲಿಲ್ಲವೆಂದಲ್ಲ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ ಸ್ವತಃ ಚಪ್ಪಲ್ ಹೊಲಿಯಬಲ್ಲವರು. ದಕ್ಷಿಣ ಆಫ್ರಿಕದಲ್ಲಿ ಕಲಿತು, ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್‌ಗೇ ಒಂದು ಜೊತೆ ಕೊಟ್ಟಿದ್ದರು. 1934ರಲ್ಲಿ ಹರಿಜನ ಪತ್ರಿಕೆಯಲ್ಲಿ ಹಳ್ಳಿಯ ಚರ್ಮೋದ್ಯೋಗವನ್ನು ಕುರಿತು ಬರೆದರು. ಅವರ ಚರಕವನ್ನು ನಮ್ಮ ಶಾಲೆಗಳು ಕೈಗೆತ್ತಿಕೊಂಡವು, ತಕಲಿಯಲ್ಲಿ ನೂಲುವ ತಾಸು ನಾನು ಓದುವಾಗಲೂ ಇತ್ತು. ತೊಗಲಿನ ತಾಸು ಯಾವ ಶಾಲೆಯಲ್ಲಿತ್ತು?

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಮ್ಮ ನಾಲ್ಕೂ ಅದರಲ್ಲಿ ಸೇರಿದವು. ಆರು ವರ್ಷದ ಮೇಲೆ ಮಿಲಾನಿನ ಪ್ರಕರಣ. ಗದ್ದಲವಾದ ಮೇಲೆ ಕಂಪನಿಯು ತನ್ನ ಪಾದರಕ್ಷೆಗೆ ಭಾರತದ ಕುಶಲಕರ್ಮಿಗಳೇ ಪ್ರೇರಣೆಯೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಒಳ್ಳೆಯದೇ ಆಯಿತು. ಹೊರಗಿನವರು ಹೆಸರು ಹೇಳಲಿಲ್ಲವೆಂದು ನಾವು ಸಿಟ್ಟಾದೆವು. ನಾವು ಹೇಳಿದ್ದೆವೇ ಎಂದು ನಾನು ನನ್ನನ್ನೇ ಕೇಳಿಕೊಂಡೆ.

ಲೇಖನದ ಕರಡನ್ನು ನನ್ನ ವಿದ್ಯಾರ್ಥಿಗೆ ಓದಿ ಹೇಳಿದೆ. ತರಗತಿಯ ಪ್ರಸಂಗ ಬಂದಾಗ ಅವನು ಸುಮ್ಮನಿದ್ದ. ಮುಗಿದ ಮೇಲೆ, "ಒಂದು ಮಾತು ಬಿಟ್ಟೀರಿ ಸರ. ಗಡಿಗಿ ನೀರು ಪೂರಾ ಖಾಲಿ ಮಾಡೂದಿಲ್ರಿ. ತಳದಾಗ ಇಷ್ಟು ಹಳೇದು ಉಳಿಸಿ ಅದರ ಮ್ಯಾಲ ಹೊಸಾ ಬೆಲ್ಲದ ನೀರು ಹಾಕತಾರ, ಹೆಪ್ಪ ಹಾಕಿದಂಗ" ಎಂದ. ಅವರ ಗಡಿಗೆ ಅಜ್ಜನ ಕಾಲದಿಂದ ಹಾಗೆ ನಡೆದುಬಂದಿತ್ತಂತೆ. 1994ರಲ್ಲಿ ತಂದೆ ತೀರಿಕೊಂಡ ಮೇಲೆ ಒಣಗಿತು.

ಮೊಮ್ಮಕ್ಕಳಿಗೆ ತೋರಿಸಬೇಕೆನ್ನುವವರು ಹೀಗೆ ಮಾಡಿ. ಒಂದು ಬಟ್ಟಲಲ್ಲಿ ತುಕ್ಕುಹಿಡಿದ ನಾಲ್ಕು ಮೊಳೆ ಹಾಕಿ, ಮುಳುಗುವಷ್ಟು ವಿನಿಗರ್ ಸುರಿದು ಬಾಯಿ ಬಿಗಿಯಾಗಿ ಮುಚ್ಚದೆ ಒಂದು ವಾರ ಬಿಡಿ. ಹಾಲಿಲ್ಲದ ದಟ್ಟ ಚಹಾದ ಡಿಕಾಕ್ಷನ್‌ನಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿಕೊಳ್ಳಿ. ಅಳಲೆಕಾಯಿಯ ಕಷಾಯದಲ್ಲಿ ಇನ್ನೊಂದನ್ನು. ಕಡ್ಡಿಯ ತುದಿಯಿಂದ ಎರಡರ ಮೇಲೂ ಬಟ್ಟಲಿನ ನೀರಿನಲ್ಲಿ ಬರೆಯಿರಿ, ಗಾಳಿ ಕುಡಿಯಲು ಬಿಡಿ, ಎರಡು ಕಪ್ಪುಗಳನ್ನು ಹೋಲಿಸಿ ನೋಡಿ. ಬೆರಳಿಗೆ ಹತ್ತಿದರೆ ಸಬಕಾರ ಹಾಕಿ ತಿಕ್ಕಬೇಡಿ, ಮನೆಯಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡಿರಿ.